ನಿಲ್ಲಲೊಲ್ಲದ ಬೆಂಜು

ಬನ್ನಂಜೆಯ ಸರ್ವೋತ್ತಮರ ಬೆಂಜು ಕಾರನ್ನು ನೋಡದವರು ಉಡುಪಿಯಲ್ಲಿ ಇಲ್ಲ. ಅದು ಓಡುವುದನ್ನು ನೋಡಿದವರೂ ಇಲ್ಲ. ಜರ್ಮನಿಯಲ್ಲಿ ಹುಟ್ಟಿ, ಮುಂಬಯಿಯ ಯಾರೋ ಸೇಠ್‌ಜಿಯ ಬಾಗಿಲಲ್ಲಿ ಯೌವನ ಕಳೆದು, ಕೊನೆಗೆ ಸರ್ವೋತ್ತಮರ ಅಂಗಳಕ್ಕೆ ವಾನಪ್ರಸ್ಥಕ್ಕೆಂದು ಬಂದ ಗಾಡಿ ಅದು. ಬಣ್ಣ, ಹಾಲು ಜಾಸ್ತಿಯಾದ ಚಹಾದ್ದು. ಬಾಗಿಲು ಹಾಕಿದರೆ ಬ್ಯಾಂಕಿನ ತಿಜೋರಿ ಮುಚ್ಚಿದ ಸದ್ದು. ಉದ್ದ ಎಷ್ಟೆಂದರೆ, ಅದರ ಮೂತಿ ಮೈಲು ದೂರದ ಕಲ್ಸಂಕ ತಲುಪಿದಾಗ ಡಿಕ್ಕಿ ಇನ್ನೂ ಬನ್ನಂಜೆಯಲ್ಲೇ ಇರುತ್ತದೆ. ನಂಬಿಕೆ ಇಲ್ಲದಿದ್ದರೆ ಟೇಪು ಹಿಡಿದುಕೊಂಡು ಬನ್ನಿ.

ಆದಿತ್ಯವಾರ ಬಂತೆಂದರೆ ಸರ್ವೋತ್ತಮರು ಹಳೆ ಲುಂಗಿ ಉಟ್ಟು ಕಾರಿನಡಿ ಹೊಕ್ಕುಬಿಡುವರು. ಆಮೇಲೆ ಜಗತ್ತಿಗೆ ಕಾಣುವುದು ಅವರ ಎರಡು ಪಾದ ಮಾತ್ರ. ಅಟ್ಟದ ಧೂಳು ಹೊಡೆಯಲು, ಕಾಯಿ ಸುಲಿಯಲು, ಹೆಂಡತಿಯ ಕಡೆಯವರ ಸೀಮಂತಕ್ಕೆ ಹೊರಡಲು ಪಾದಗಳನ್ನು ಕರೆದು ಏನು ಪ್ರಯೋಜನ? "ಗೇರ್‌ಬಾಕ್ಸ್ ಬಿಚ್ಚಿದ್ದೇನೆ ಮಾರಾಯ್ತಿ, ಈಗ ಕೈಬಿಟ್ಟರೆ ಪ್ರಳಯ!" ಎಂದು ಪಾದಗಳು ಉತ್ತರ ಕೊಡುವವು. ಒಳಗೆ ಅರ್ಧ ಹೊತ್ತು ನಟ್ಟು ತಿರುಗುತ್ತಿತ್ತು. ಉಳಿದರ್ಧ ಹೊತ್ತು ಗೊರಕೆ.

ಹಾಗೆಂದು ಅವರಿಗೆ ವಿದ್ಯೆ ಇಲ್ಲವೆನ್ನಬೇಡಿ. ಜರ್ಮನಿಯ ಇಂಜಿನಿಯರುಗಳಿಗೆ ಹೊಳೆಯದ ಸುಧಾರಣೆಗಳು ಬನ್ನಂಜೆಯಲ್ಲಿ ಆಗಿದ್ದವು. ಡೀಸೆಲ್ ಸೋಸಲು ಕಂಪೆನಿಯ ಒಂದು ಫಿಲ್ಟರ್ ಸಾಲದೆಂದು ಟ್ರ್ಯಾಕ್ಟರಿನ ಇನ್ನೊಂದು ಫಿಲ್ಟರನ್ನು ದಾರಿಯಲ್ಲಿ ಜೋಡಿಸಿ, ಅದಕ್ಕೆ 'ಡಬಲ್ ಸೇಫ್ಟಿ' ಎಂದು ಹೆಸರಿಟ್ಟಿದ್ದರು. ಅಂದಿನಿಂದ ಬೆಂಜು ಗೇಟಿನವರೆಗೆ ಕೆಮ್ಮುತ್ತ ಹೋಗಿ, ಅಲ್ಲಿ ಪ್ರಾಣ ಬಿಡುತ್ತಿತ್ತು. ಅದನ್ನು ಮರಳಿ ಅಂಗಳಕ್ಕೆ ನೂಕುವುದು ಪಕ್ಕದ ಬಾಡಿಗೆ ಮನೆಯ ಬಸಯ್ಯನ ಕೆಲಸ. ಬಾಗಲಕೋಟೆಯಿಂದ ಗಾರೆ ಕೆಲಸಕ್ಕೆ ಬಂದವನು. ಬೆಂಜು ನೂಕಿ ನೂಕಿ ಅವನ ರಟ್ಟೆ ತೆಂಗಿನಮರವಾಗಿತ್ತು. ಅವನ ಹೆಂಡತಿ ಯಮನವ್ವನಿಗೆ ಕಾರಿನ ಬಾನೆಟ್ಟೆಂದರೆ ಸಂಡಿಗೆ ಒಣಗಿಸುವ ಜಾಗ. ಹೀಗೆ ಸತ್ತ ಕಾರಿನಿಂದ ಎಲ್ಲರಿಗೂ ಸುಖವಿತ್ತು, ಒಬ್ಬರನ್ನು ಬಿಟ್ಟು.

ಆ ಒಬ್ಬರು, ಸರ್ವೋತ್ತಮರ ಹೆಂಡತಿ ಕುಶಲಾ, ಆ ಆದಿತ್ಯವಾರ ನೀರುದೋಸೆ ಬಡಿಸುತ್ತ ಹೇಳಿದರು: "ಹನ್ನೊಂದು ಗಂಟೆಗೆ ಕಾರು ನೋಡಲಿಕ್ಕೆ ಜನ ಬರ್ತಾರೆ."

"ಯಾವ ಕಾರು?"

"ನಮ್ಮಲ್ಲಿ ನಾಲ್ಕೈದು ಉಂಟಾ? ಮಾರಲಿಕ್ಕುಂಟು ಅಂತ ಫೋನಿನಲ್ಲಿ ಫೋಟೋ ಹಾಕಿದ್ದೆ. ಶಂಕರಪುರದ ಕಾರ್ಲ್ ಅಂತ ಒಬ್ಬರು. ಹಳೆ ಜರ್ಮನ್ ಕಾರೇ ಬೇಕಂತೆ ಅವರಿಗೆ."

"ನನ್ನನ್ನು ಒಂದು ಮಾತು ಕೇಳದೆ?"

"ಕೇಳಿದೆನಲ್ಲ, ಹೋದ ಆದಿತ್ಯವಾರ. ಆಯ್ತು ಅಂತ ನಿಮ್ಮ ಪಾದ ಹೇಳಿತು. ಮನೆಯೆದುರು ಬೆಂಜು ನಿಲ್ಲಿಸಿಕೊಂಡು ನಾನು ಸಿಟಿ ಬಸ್ಸಿನಲ್ಲಿ ನೇತಾಡುವುದು ಸಾಕಾಯ್ತು ನನಗೆ. ಕಂಡಕ್ಟರ್ ಸಹ ಕೇಳ್ತಾನೆ, ಬೆಂಜು ಎಂತಾಯ್ತು ಅಕ್ಕ ಅಂತ!"

ಸರ್ವೋತ್ತಮರು ನೀರುದೋಸೆ ಬಿಟ್ಟು ಲೆಕ್ಕ ಹಾಕಿದರು. ಕಾರು ಹೋದರೆ ಆದಿತ್ಯವಾರ ಹೋಯಿತು. ಆದಿತ್ಯವಾರ ಹೋದರೆ ಅಟ್ಟ, ತೆಂಗಿನಕಾಯಿ, ಸೀಮಂತ! ಏನಾದರೂ ಮಾಡಿ ಕಾರ್ಲ್ ಬರುವ ಹೊತ್ತಿಗೆ ಕಾರು ಉಸಿರೆತ್ತದಂತೆ ಮಾಡಬೇಕು. ಅವರು ಕೈತೊಳೆದದ್ದೇ ಅಂಗಳಕ್ಕೆ ಓಡಿ, ಕಾರಿನಡಿ ಹೊಕ್ಕು, ಎದೆ ಕಲ್ಲುಮಾಡಿಕೊಂಡು, ಕಾರಿನ ಹೃದಯವೆಂದೇ ತಾವು ನಂಬಿದ್ದ ಡಬಲ್ ಸೇಫ್ಟಿಯನ್ನು ಕಿತ್ತು, ಪೈಪನ್ನು ಮೊದಲಿದ್ದಂತೆ ಜೋಡಿಸಿದರು. ಇನ್ನು ಹಳೆ ಟ್ಯಾಂಕಿನ ಕೊಳೆಯೆಲ್ಲ ನೇರ ಇಂಜಿನ್ನಿಗೆ ಹೋಗಿ ಅದರ ಕತೆ ಮುಗಿಯಿತು ಎಂದುಕೊಂಡರು. ಕಿತ್ತ ಫಿಲ್ಟರನ್ನು ಪೇಪರಿನಲ್ಲಿ ಸುತ್ತಿ ಡಿಕ್ಕಿಯ ಮೂಲೆಯಲ್ಲಿ ಅಡಗಿಸಿಟ್ಟರು.

"ಏನ್ರೀ ಸಾಹೇಬ್ರ, ಇವತ್ತ ನೂಕೂದಿಲ್ಲೇನ್ರಿ?" ಬಸಯ್ಯ ಕಾಂಪೌಂಡಿನಾಚೆಯಿಂದ ತೋಳು ತಿರುವುತ್ತ ಕೇಳಿದ.

"ಈಗ ನೂಕಲಿಕ್ಕೆ ಉಂಟು, ಬಾ" ಎಂದು ಸರ್ವೋತ್ತಮರು ನಗುತ್ತ ಸೀಟಿನಲ್ಲಿ ಕೂತರು.

ಕುಶಲಾ ಮೆಟ್ಟಿಲಿಗೆ ಬಂದು, "ಅವರು ಬರುವ ಮೊದಲು ಒಮ್ಮೆ ಸ್ಟಾರ್ಟ್ ಮಾಡಿ ನೋಡಿ" ಎಂದರು. ಸರ್ವೋತ್ತಮರು ಧಾರಾಳವಾಗಿ ಕೀಲಿ ತಿರುಗಿಸಿದರು.

ಬೆಂಜು ಒಂದೇ ಏಟಿಗೆ ಎದ್ದಿತು! ಕೆಮ್ಮಿಲ್ಲ, ಕ್ಯಾಕರಿಕೆ ಇಲ್ಲ. ಬಾನೆಟ್ಟಿನ ಮೇಲಿನ ಸಂಡಿಗೆ ಪುಟಪುಟನೆ ಹಾರಿ ಬಾವಿಕಟ್ಟೆಯವರೆಗೆ ಹೋಯಿತು. ಬನ್ನಂಜೆಯ ಕಾಗೆಗಳೆಲ್ಲ ಒಮ್ಮೆಲೇ ಎದ್ದವು. ಕೆಲವು ಈಗಲೂ ಇಳಿದಿಲ್ಲ.

"ಅಯ್ಯ ನನ್ನ ಸಂಡಿಗಿ!" ಎಂದು ಯಮನವ್ವ ಓಡಿಬಂದಳು.

"ಚಾಲೂ ಆತಲ್ರೀ!" ಎಂದ ಬಸಯ್ಯ. ಅವನ ದನಿಯಲ್ಲಿ ಕೆಲಸ ಕಳೆದುಕೊಂಡವನ ದುಃಖವಿತ್ತು.

ಸರ್ವೋತ್ತಮರು ಇಳಿದು, "ಸ್ವಲ್ಪ ಚೆಕ್ ಮಾಡ್ತೇನೆ" ಎಂದು ಬಾನೆಟ್ಟು ಎತ್ತಿ, ಕೊಡೆಯ ಕಡ್ಡಿಯಷ್ಟು ತೆಳ್ಳಗಿನ ಒಂದು ಪೈಪು ಕಂಡದ್ದೇ ಕಣ್ಣುಮುಚ್ಚಿ ಕಿತ್ತರು. ಇಂಜಿನ್ನು ಕ್ಯಾರೇ ಅನ್ನಲಿಲ್ಲ. ಸೋತು ಬಂದು ಕೀಲಿಯನ್ನು ತಿರುಗಿಸಿ ಹೊರಕ್ಕೆಳೆದರು. ಕೀಲಿ ಕೈಗೆ ಬಂತು. ಇಂಜಿನ್ನು ಓಡುತ್ತಲೇ ಇತ್ತು. ಕೀಲಿ ಹಾಕಿ ಮತ್ತೆ ತೆಗೆದರು. ಅದು ಗುಡುಗುಡು ಎನ್ನುತ್ತಲೇ ಇತ್ತು, ಊಟ ಬಡಿಸಿದ ಮೇಲೂ ಭಾಷಣ ನಿಲ್ಲಿಸದ ಅಧ್ಯಕ್ಷರ ಹಾಗೆ. ಆಟೋಮ್ಯಾಟಿಕ್ ಗಾಡಿಯಾದ್ದರಿಂದ ಗೇರು ಹಾಕಿ ಬಂದ್ ಬೀಳಿಸುವ ಉಪಾಯವೂ ಇರಲಿಲ್ಲ.

ಅಷ್ಟರಲ್ಲಿ ಕಾರ್ಲ್ ಅವರ ಫೋನು ಬಂತು. ಇಗರ್ಜಿಯ ಪ್ರಾರ್ಥನೆಯಿಂದ ಹಾಗೆಯೇ ಒಂದು ನಾಮಕರಣದ ಊಟಕ್ಕೆ ಹೋಗಲಿಕ್ಕುಂಟು, ಸಂಜೆ ಬರುತ್ತೇನೆ ಎಂದರು.

ಕುಶಲಾ ಫೋನಿಟ್ಟು ಕಾರನ್ನೊಮ್ಮೆ ನೋಡಿದರು. ಬಚ್ಚಲೊಲೆಯಲ್ಲಿ ಎರಡು ಕೆಂಡ ಉಳಿದರೂ ಅದರಲ್ಲಿ ಗೇರುಬೀಜ ಸುಡುವ ಹೆಂಗಸು ಅವರು. "ಸಂಜೆವರೆಗೆ ಇದು ಸುಮ್ಮನೆ ಉರಿಯುವುದಾ? ಹೇಗೂ ಉರಿಯುತ್ತಾ ಉಂಟಲ್ಲ, ನಾಲ್ಕು ಕೆಲಸ ಮುಗಿಸಿ ಅವರ ಮನೆಗೇ ಕೊಂಡುಹೋಗುವ. ಯಮನವ್ವ, ಬಾ, ಕೂತುಕೋ!"

"ಸಂಡಿಗಿ ಅಂತೂ ಹೋದ್ವು, ಸಮುದ್ರರ ನೋಡೂಣು" ಎಂದು ಯಮನವ್ವ ಹಿಂದಿನ ಸೀಟಿನಲ್ಲಿ ಕೂತಳು. ದಾರಿಯಲ್ಲಿ ನೂಕುವ ಸಂದರ್ಭ ಬಂದೀತೆಂಬ ಆಸೆಯಿಂದ ಬಸಯ್ಯನೂ ಹತ್ತಿದ.

ಮೊದಲು ಅಲೆವೂರಿನ ಚಿಕ್ಕಮ್ಮನ ಮನೆ. ಬೆಂಜು ತಮ್ಮ ಗೇಟು ದಾಟಿ ಬಂದದ್ದನ್ನು ಕಣ್ಣಾರೆ ನೋಡಿದ ಚಿಕ್ಕಮ್ಮ ಖುಷಿಗೆ ಒಂದು ಗೋಣಿ ತೆಂಗಿನಕಾಯಿ ಡಿಕ್ಕಿಗೆ ತುಂಬಿಸಿದರು. ಅಲ್ಲಿಂದ ಮಟ್ಟು. ಗದ್ದೆಯಿಂದ ಆಗಷ್ಟೇ ಕೊಯ್ದ ಗುಳ್ಳ ಬದನೆ. ಬೀದಿಗೆಲ್ಲ ಹಂಚುವಷ್ಟನ್ನು ಕುಶಲಾ ಕೊಂಡರು. ಪ್ರತಿ ಏರಿನಲ್ಲೂ ಸರ್ವೋತ್ತಮರು, ಇಲ್ಲಿ ನಿಲ್ಲುತ್ತದೆ, ಇಲ್ಲಿ ಖಂಡಿತ ನಿಲ್ಲುತ್ತದೆ ಎಂದು ಕಾದರು. ಬೆಂಜು ಬೆಣ್ಣೆಯಲ್ಲಿ ಕತ್ತಿ ಹೋದಂತೆ ಹೋಯಿತು. ಡೀಸೆಲ್ ಮುಳ್ಳು ಉಪವಾಸದ ಸನ್ಯಾಸಿಯ ಹಾಗೆ ಕೂತಲ್ಲಿಂದ ಅಲ್ಲಾಡಲಿಲ್ಲ. ನಡುವೆ ಒಂದೆರಡು ಬಾರಿ ಸರ್ವೋತ್ತಮರಿಗೆ ತಮ್ಮ ಸಂಕಟವೇ ಮರೆತುಹೋಗಿ, ಮೊಣಕೈ ಕಿಟಕಿಗೆ ಇಟ್ಟು ಸಿಳ್ಳೆ ಹಾಕಿದ್ದೂ ಉಂಟು.

ಕಾಪುವಿನ ಪೇಟೆಯಲ್ಲಿ ಕುಶಲಾ ಬಂಗುಡೆ ಮೀನು ಕೊಳ್ಳಲು ಇಳಿದರು. ಯಾರೋ ಮಂತ್ರಿಗಳು ಬಂದಿದ್ದಾರೆಂದು ಜನ ಸೇರಿತು. ಒಬ್ಬರು ರಸ್ತೆಯ ಹೊಂಡದ ಬಗ್ಗೆ ಮನವಿಯನ್ನೂ ಸಲ್ಲಿಸಿದರು. ಪೊಲೀಸರೊಬ್ಬರು ಬಂದು ಕಿಟಕಿಗೆ ಕುಟ್ಟಿದರು.

"ಎಂತ ಮಾರಾಯ್ರೆ, ನಡು ಪೇಟೆಯಲ್ಲಿ ಗಡಗಡ ಅಂತ! ಇಂಜಿನ್ ಆಫ್ ಮಾಡಿ. ಕೀಲಿ ಕೊಡಿ ಇಲ್ಲಿ."

ಸರ್ವೋತ್ತಮರು ವಿನಯದಿಂದ ಕೀಲಿ ತೆಗೆದು ಅವರ ಅಂಗೈಯಲ್ಲಿಟ್ಟರು. ಬೆಂಜು ಗುಡುಗುಡು ಎನ್ನುತ್ತಲೇ ಇತ್ತು. ಪೊಲೀಸರು ಕೀಲಿಯನ್ನು ನೋಡಿದರು, ಕಾರನ್ನು ನೋಡಿದರು, ಎರಡು ಹೆಜ್ಜೆ ಹಿಂದೆ ಸರಿದರು.

"ನಾನು ಆಫ್ ಮಾಡಲಿಕ್ಕೆ ಹೇಳಿದ್ದಲ್ವಾ?"

"ಸಿಟ್ಟಾಗಬ್ಯಾಡ್ರಿ ಸರ" ಎಂದ ಬಸಯ್ಯ, "ಜರ್ಮನ್ ಗಾಡಿ ಐತ್ರಿ, ಅದಕ್ಕ ನಮ್ಮ ಕನ್ನಡ ತಿಳಿಯಂಗಿಲ್ರಿ."

ಪೊಲೀಸರು ಕೀಲಿಯನ್ನು ಕೆಂಡದಂತೆ ಹಿಂದಕ್ಕೆ ಕೊಟ್ಟು, ತಾವೇ ಸೀಟಿ ಊದಿ ದಾರಿ ಬಿಡಿಸಿದರು.

ಹೀಗೆ ತೆಂಗಿನಕಾಯಿ, ಗುಳ್ಳ, ಬಂಗುಡೆಗಳ ಸಮೇತ ಬೆಂಜು ಸಂಜೆ ಹೊತ್ತಿಗೆ ಶಂಕರಪುರದ ಮಲ್ಲಿಗೆ ತೋಟಗಳ ನಡುವೆ ಕಾರ್ಲ್ ಅವರ ಅಂಗಳ ಸೇರಿತು. ಕುವೈಟಿನಿಂದ ನಿವೃತ್ತರಾಗಿ ಬಂದ ಕಾರ್ಲ್, ಚಡ್ಡಿ ಬನಿಯನ್ನಿನಲ್ಲಿ ಓಡಿಬಂದು ಬಾನೆಟ್ಟಿಗೆ ಕೈಮುಗಿದರು. ಅದನ್ನೆತ್ತಿ ಒಳಗೆ ಇಣುಕಿ, ಒಂದು ಸಣ್ಣ ಲಿವರನ್ನು ಒತ್ತಿದರು. ಬೆಳಿಗ್ಗೆಯಿಂದ ಮೊದಲ ಸಲ ಮೌನವಾಯಿತು. ಎಲ್ಲರ ಕಿವಿಯಲ್ಲೂ ಸಮುದ್ರ ಮೊರೆಯಿತು.

"ಕೀಲಿ ತೆಗೆದಾಗ ಇಂಜಿನ್ ನಿಲ್ಲಿಸುವ ಪೈಪು ಇದು. ಕಿತ್ತುಹೋಗಿದೆ ಅಷ್ಟೇ" ಎಂದು ಕಾರ್ಲ್ ಅದನ್ನು ಮಾತಾಡುತ್ತಲೇ ಸಿಕ್ಕಿಸಿದರು. ಮತ್ತೆ ಸ್ಟಾರ್ಟ್ ಮಾಡಿದರು, ಆಫ್ ಮಾಡಿದರು. ಎರಡೂ ಸರಿಯಾಗಿತ್ತು. ಆಮೇಲೆ ಇನ್ನೂ ಒಳಗೆ ಬಗ್ಗಿ, "ಇಲ್ಲಿ ಬೇರೊಂದು ಫಿಲ್ಟರ್ ಕೂತ ಗುರುತು ಉಂಟಲ್ಲ? ತೆಗೆದದ್ದು ಯಾರು?"

ಸರ್ವೋತ್ತಮರು ಕಳ್ಳನಂತೆ ಕೈಯೆತ್ತಿದರು. "ನಾನು. ಇವತ್ತು ಬೆಳಿಗ್ಗೆ."

"ಆ ಕೈಗೆ ಬಂಗಾರದ ಕಡಗ ಹಾಕಬೇಕು! ಅದೇ ಇಂಜಿನ್ನಿನ ಕುತ್ತಿಗೆ ಹಿಸುಕುತ್ತಾ ಇದ್ದದ್ದು. ಯಾವ ಪುಣ್ಯಾತ್ಮ ಅದನ್ನು ಹಾಕಿದ್ದೋ!"

ಪುಣ್ಯಾತ್ಮರು ಮಲ್ಲಿಗೆ ಗಿಡ ನೋಡುತ್ತ ನಿಂತರು. ಕುಶಲಾ ಪುಣ್ಯಾತ್ಮರನ್ನು ನೋಡುತ್ತ ನಿಂತರು.

"ಹಾಗಾದರೆ ಕಾರು ಅಡ್ಡಿಲ್ಲ ಅಲ್ವಾ?" ಎಂದು ಕೇಳಿದರು ಕುಶಲಾ.

ಕಾರ್ಲ್ ನಿಟ್ಟುಸಿರಿಟ್ಟರು. "ಚಿನ್ನದಂಥ ಗಾಡಿ ಕುಶಲಕ್ಕ. ನನಗೆ ಬೇಡ."

ಸರ್ವೋತ್ತಮರ ಕಿವಿ ನೆಟ್ಟಗಾಯಿತು.

"ಅಲ್ಲಿ ನೋಡಿ" ಎಂದು ಕಾರ್ಲ್ ಕಾರು ನಿಲ್ಲಿಸುವ ಮಾಡಿನ ಕಡೆ ಕೈ ತೋರಿಸಿದರು. ಅಲ್ಲಿ ಕಡುನೀಲಿ ಬಣ್ಣದ ಇನ್ನೊಂದು ಮುದಿ ಬೆಂಜು ಥಳಥಳ ಹೊಳೆಯುತ್ತಿತ್ತು. "ನನ್ನ ಕೈಯಾರೆ ರಿಪೇರಿ ಮಾಡಿದೆ. ಅದೇ ತಪ್ಪಾದದ್ದು. ಈಗ ಓಡ್ತದೆ! ಓಡಲು ಶುರುವಾದಲ್ಲಿಂದ ಹೆಂಡತಿಯ ಮಲ್ಲಿಗೆ ಬುಟ್ಟಿ ಅದರಲ್ಲಿ, ಅವಳ ತಂಗಿಯ ಮಕ್ಕಳು ಅದರಲ್ಲಿ, ಊರಿನ ನಾಮಕರಣವೆಲ್ಲ ಅದರಲ್ಲಿ. ಒಂದು ಆದಿತ್ಯವಾರ ಇಲ್ಲ ಮಾರಾಯ್ರೆ. ಓಡದ ಒಂದು ಕಾರು ಸಿಕ್ಕಿದರೆ ಅದರಡಿಯಲ್ಲಾದರೂ ಮಲಗಬಹುದು ಅಂತ ಹುಡುಕುತ್ತಾ ಇದ್ದೆ. ಇದರಲ್ಲಿ ಇದ್ದದ್ದು ಒಂದು ಪೈಪಿನ ಕೆಲಸ, ಅದೂ ಮುಗಿಯಿತು. ಉಳಿದ ಆಯುಷ್ಯಕ್ಕೆ ನಾನೆಂತ ಮಾಡಲಿ?"

ಸರ್ವೋತ್ತಮರಿಗೆ ಕುಣಿಯಬೇಕೆನಿಸಿತು. ಬೆಂಜು ಉಳಿಯಿತು! ಆದರೆ ಹಿಂದಿನಿಂದ ಕುಶಲಾರ ಸ್ವರ ಕೇಳಿತು, ಮದುವೆಯಾದ ಮೊದಲ ವರ್ಷ ಬಿಟ್ಟರೆ ಅವರು ಕೇಳಿರದಂಥ ಇನಿದಾದ ಸ್ವರ.

"ಮಾರುವುದು ಬೇಡವೇ ಬೇಡ. ಎಂಥಾ ಒಳ್ಳೆ ಕಾರು! ಬರುವ ಆದಿತ್ಯವಾರ ಕಾರ್ಕಳದಲ್ಲಿ ಅಕ್ಕನ ಸೊಸೆಯ ಸೀಮಂತ. ಅದರ ಮುಂದಿನ ವಾರ ಮಣಿಪಾಲದಲ್ಲಿ ದೊಡ್ಡಪ್ಪನನ್ನು ಡಾಕ್ಟರಿಗೆ ತೋರಿಸಲಿಕ್ಕುಂಟು. ಅಟ್ಟದ ಗುಜರಿ ಸಾಗಿಸಲಿಕ್ಕೂ ಆಯ್ತು."

"ಹಂಗಾರ ನಮ್ಮ ಊರಿಗೂ ಒಮ್ಮೆ ಹೋಗೂಣಂತ ಅಕ್ಕಾರ" ಎಂದಳು ಯಮನವ್ವ. "ನಮ್ಮವ್ವನ್ನ ಕರಕೊಂಡ ಬಂದು ಸಮುದ್ರ ತೋರಸಬೇಕ್ರಿ."

ಸರ್ವೋತ್ತಮರು ಮಾಡಿನ ನೀಲಿ ಬೆಂಜನ್ನು ನೋಡಿದರು, ಕಾರ್ಲ್ ಅವರ ಬತ್ತಿದ ಮುಖವನ್ನು ನೋಡಿದರು. ಅದರಲ್ಲಿ ತಮ್ಮ ಉಳಿದ ಜನ್ಮವೆಲ್ಲ ಕಂಡಿತು. ಕಾರ್ಲ್ ಅವರ ತೋಳು ಹಿಡಿದು ಬಾವಿಯ ಬದಿಗೆ ಎಳೆದೊಯ್ದು ಪಿಸುಗುಟ್ಟಿದರು: "ಕಾರ್ಲ್ ಪೊರ್ಬುಗಳೇ, ದಮ್ಮಯ್ಯ, ಕಾರು ನೀವೇ ಇಟ್ಟುಕೊಳ್ಳಿ. ಬೇಕಾದರೆ ಆ ಫಿಲ್ಟರ್ ಪುನಃ ಹಾಕಿ ಕೊಡ್ತೇನೆ. ಗೇಟು ಸಹ ದಾಟುವುದಿಲ್ಲ, ಗ್ಯಾರಂಟಿ!"

ಕಾರ್ಲ್ ಅವರ ಕಣ್ಣಿನಲ್ಲಿ ದೀಪ ಹೊತ್ತಿಕೊಂಡಿತು. "ಆ ಫಿಲ್ಟರ್ ಈಗ ಎಲ್ಲಿ ಉಂಟು?"

"ಡಿಕ್ಕಿಯಲ್ಲಿ. ಬಂಗುಡೆಯ ಅಡಿಯಲ್ಲಿ."

"ಕುಶಲಕ್ಕ" ಎಂದು ಕಾರ್ಲ್ ಅಲ್ಲಿಂದಲೇ ಕೂಗಿದರು, "ಕಾರು ನೀವೇ ಇಟ್ಟುಕೊಳ್ಳಿ. ಡಿಕ್ಕಿಯಲ್ಲಿ ಉಂಟಂತಲ್ಲ, ಆ ದರಿದ್ರ ಫಿಲ್ಟರ್ ಮಾತ್ರ ನನಗೆ ಕೊಡ್ತೀರಾ?"

"ಸಂತೋಷದಲ್ಲಿ ಇಟ್ಟುಕೊಳ್ಳಿ!" ಕುಶಲಾ ತಾವೇ ಅದನ್ನು ಹುಡುಕಿ ತೆಗೆದು ಕೊಟ್ಟು, ಮೇಲೆ ನಾಲ್ಕು ಗುಳ್ಳವನ್ನೂ ಇಟ್ಟರು. "ಇನ್ನು ಇವರು ಬಾನೆಟ್ಟು ತೆಗೆಯುವುದಾದರೆ ನನ್ನೆದುರೇ ತೆಗೆಯಬೇಕು."

ಮುಂದಿನ ಆದಿತ್ಯವಾರ ಬೆಂಜು ಕಾರ್ಕಳಕ್ಕೆ ಹೊರಟಿತು. ಮುಡಿಗೆ ಮಲ್ಲಿಗೆ ಬೇಕೆಂದು ಕುಶಲಾ ಶಂಕರಪುರದ ದಾರಿಯನ್ನೇ ಹಿಡಿಸಿದ್ದರು. ಹಿಂದಿನ ಸೀಟಿನಲ್ಲಿ ರೇಷ್ಮೆ ಸೀರೆಗಳು, ನಡುವೆ ಇಸ್ತ್ರಿ ಅಂಗಿಯ ಬಸಯ್ಯ. ಇಂಜಿನ್ನಿನ ಸದ್ದು ಎಷ್ಟು ಹಿತವಾಗಿತ್ತೆಂದರೆ ಸರ್ವೋತ್ತಮರಿಗೆ ಸಿಟ್ಟು ಮಾಡಲೂ ಮನಸ್ಸು ಬರಲಿಲ್ಲ.

ಕಾರ್ಲ್ ಅವರ ಮನೆ ಬಂದಾಗ ಸರ್ವೋತ್ತಮರು ವೇಗ ತಗ್ಗಿಸಿ ಕಾಂಪೌಂಡಿನೊಳಗೆ ನೋಡಿದರು. ಮಲ್ಲಿಗೆ ಬುಟ್ಟಿಗಳು ಆಟೋರಿಕ್ಷಾ ಏರುತ್ತಿದ್ದವು. ನೀಲಿ ಬೆಂಜು ಗೇಟಿನವರೆಗೆ ಬಂದು ನಿಂತುಬಿಟ್ಟಿತ್ತು. ಅದರಡಿಯಿಂದ ಎರಡು ಪಾದಗಳು ಹೊರಚಾಚಿದ್ದವು. ಒಂದರ ಹೆಬ್ಬೆರಳು ತಾಳಕ್ಕೆ ಸರಿಯಾಗಿ ಮೆಲ್ಲಗೆ ಅಲ್ಲಾಡುತ್ತಿತ್ತು.