ಬ್ಯಾಟರಿಯ ಏಕಾದಶಿ

"ಮುಕುಂದ, ಸದಾ ಕರೆಂಟಿಗೆ ಸಿಕ್ಕಿಸಿಟ್ರೆ ಲ್ಯಾಪ್‌ಟಾಪ್ ಬ್ಯಾಟರಿ ಯಾಕೆ ಸಾಯುತ್ತೆ ಗೊತ್ತೇನೋ? ಅಜೀರ್ಣ! ಹೊಟ್ಟೆ ತುಂಬಿದ್ರೂ ಉಣ್ತಾನೇ ಇರುತ್ತೆ!"

ನನ್ನ ಅಕ್ಕನ ಗಂಡ ವರದೇಂದ್ರ ಭಾವ ಹೀಗೆಂದು, ಲ್ಯಾಪ್‌ಟಾಪಿಗೂ ಗೋಡೆಯ ಸಾಕೆಟ್ಟಿಗೂ ನಡುವೆ ತಾವೇ ಮಾಡಿದ ಪುಟ್ಟ ಡಬ್ಬಿಯೊಂದನ್ನು ಸಿಕ್ಕಿಸಿದರು. ಅದರ ಹೆಸರು ಮಿತಾಹಾರಿ. ಚಾರ್ಜು ನೂರಕ್ಕೆ ಎಂಬತ್ತು ಮುಟ್ಟಿದೊಡನೆ ಡಬ್ಬಿ "ಸಾಕು" ಎಂದು ಗಂಭೀರವಾಗಿ ನುಡಿಯಿತು. ನಾನು ಕೈಮುಗಿದೆ.

"ಪಂಚಾಂಗಾನೂ ತುಂಬಿದೀನಿ. ಏಕಾದಶಿ ದಿನ ಪೂರ್ತಿ ನಿರಾಹಾರ!"

"ಏಕಾದಶಿ ಇವತ್ತೇ ಅಲ್ವೇ ಭಾವ?"

ಫ್ಯಾನು ನಿಂತಿತು. ಫ್ರಿಜ್ಜು ಒಮ್ಮೆ ನಡುಗಿ ಸುಮ್ಮನಾಯಿತು. ಕೆಳಗಿನ ಮನೆಯ ಮಿಕ್ಸಿ ಅರ್ಧ ಚಟ್ನಿಯಲ್ಲೇ ಮೌನ ತಾಳಿತು. ಮರುಕ್ಷಣ, ಬಾಗಿಲಾಚೆಯ ಲಿಫ್ಟಿನಿಂದ ಕೂಗು!

"ರೀ! ಕತ್ತಲೆ ರೀ! ಉಸಿರು ಕಟ್ತಿದೆ!"

ಇಂದಿರಕ್ಕ! ಚಿಕ್ಕಂದಿನಿಂದಲೂ ಮುಚ್ಚಿದ ಕೋಣೆಯೆಂದರೆ ಹೆದರಿ ಸಾಯುವವಳು.

ಭಾವ ಡಬ್ಬಿಯನ್ನು ಕಿತ್ತರು. ಅದು ಅವರ ಕೈಯಲ್ಲೇ, "ವ್ರತಭಂಗ ಸಲ್ಲದು. ನಾಳೆ ದ್ವಾದಶಿ, ಆಗ ಪಾರಣೆ" ಎಂದಿತು. ಉಪವಾಸದ ಅಪ್ಪಣೆ ಆಗಲೇ ಇಡೀ ಕಟ್ಟಡದ ವೈರುಗಳಿಗೆ ಹಬ್ಬಿಬಿಟ್ಟಿತ್ತು.

"ನಾಳೆ ತನಕಾನಾ? ಅಕ್ಕ ಉಳಿಯಲ್ಲ! ಏನಾದ್ರೂ ಮಾಡಿ!"

"ಏನ್ ಮಾಡ್ಲೋ? ನಾನು ಹೇಳಿಕೊಟ್ಟ ಶಾಸ್ತ್ರಾನೇ ನನಗೆ ಹೇಳ್ತಿದೆ!" ಭಾವ ಡಬ್ಬಿ ಹಿಡಿದೇ ಲಿಫ್ಟಿನತ್ತ ಓಡಿದರು, ಹಿಂದೆಯೇ ನಾನು.

ಲಿಫ್ಟಿನಲ್ಲಿ ಕೂಗು ಕ್ಷೀಣಿಸಿತು. ಬಾಗಿಲು ಬಡಿಯುವ ಸದ್ದಷ್ಟೇ ಉಳಿಯಿತು. ಕೊನೆಗೆ ಅದೂ ನಿಂತಿತು. ಆ ಮೌನದಲ್ಲಿ ದೇವರ ಹೆಸರು ಕೂಡ ನನ್ನ ನಾಲಿಗೆಗೆ ಬರಲಿಲ್ಲ. ಬಂದದ್ದು ಅಮ್ಮನ ಮಾತು: ರೋಗಿಗಳಿಗೆ ಕಟ್ಟುನಿಟ್ಟಿನ ಉಪವಾಸವಿಲ್ಲ.

ಲಿಫ್ಟಿನ ಬಾಗಿಲ ಸಂದಿಗೆ ಬಾಯಿಟ್ಟೆ. "ಅಕ್ಕಾ, ಕೆಮ್ಮೇ! ಜೋರಾಗಿ ಕೆಮ್ಮು!"

ಒಳಗಿನಿಂದ ಸಣ್ಣ ದನಿ ಬಂತು. "ಏಕಾದಶಿ ದಿನ ಸುಳ್ಳು ಕೆಮ್ಮೇನೋ?"

"ಪಾಪ ನನಗಿರಲಿ, ನೀನು ಕೆಮ್ಮೇ ತಾಯಿ!"

ಕೆಮ್ಮಿದಳು. ಡಬ್ಬಿ ಯೋಚಿಸಿತು. "ರೋಗಿಗೆ ಫಲಾಹಾರ ಉಂಟು" ಎಂದು ಲಿಫ್ಟಿಗೆ ಚೂರುಚೂರೇ ಕರೆಂಟು ಬಡಿಸಿತು. ಲಿಫ್ಟು ತೆವಳುತ್ತಾ ಬಂದು ಬಾಗಿಲು ತೆರೆಯಿತು. ಬೆವರಿನಲ್ಲಿ ತೊಯ್ದಿದ್ದ ಅಕ್ಕ ಭಾವನ ಕೈ ಹಿಡಿದು ಅತ್ತಳು. ಆಮೇಲೆ ಅದೇ ಕೈಗೆ ಎರಡು ಬಾರಿಸಿದಳು.

ದ್ವಾದಶಿ ಮುಗಿದು ಬಹಳ ದಿನವಾಯಿತು. ಡಬ್ಬಿ ಮೂಲೆ ಸೇರಿದೆ, ಆದರೆ ಲಿಫ್ಟು ಮಾತ್ರ ವ್ರತ ಬಿಟ್ಟಿಲ್ಲ, ಯಾರಾದರೂ ಕೆಮ್ಮಿದರಷ್ಟೇ ಕದಲುತ್ತದೆ. ಲ್ಯಾಪ್‌ಟಾಪಿನ ಬ್ಯಾಟರಿ ಪರಮ ಆರೋಗ್ಯದಿಂದಿದೆ. ಕೆಮ್ಮಿಕೊಂಡು ಓಡಾಡುವವರು ನಮ್ಮ ಕಟ್ಟಡದವರು.