ವಿಮಾನದ ಜೊತೆ ಜಗಳಕ್ಕಿಳಿದ ಮಾವ

ನಮ್ಮ ಸೋದರಮಾವನಿಗೆ ದಾರಿಯಲ್ಲಿ ಯಾರ ಜೊತೆಗಾದರೂ ಜಗಳವಾಗದಿದ್ದರೆ ಊರು ತಲುಪಿದ ನಂಬಿಕೆಯೇ ಬರುವುದಿಲ್ಲ! ಮೊಳಕಾಲ್ಮೂರಿನಿಂದ ಚಳ್ಳಕೆರೆಯ ನಮ್ಮ ಮನೆಗೆ ಬರುವಷ್ಟರಲ್ಲಿ ಡ್ರೈವರ್, ಕಂಡಕ್ಟರ್, ಪಕ್ಕದ ಸೀಟಿನವನು, ಅವನ ಚೀಲದಲ್ಲಿರುವ ಕೋಳಿ, ಎಲ್ಲರಿಗೂ ಮಂಗಳಾರತಿ ಆಗಿರುತ್ತದೆ. ಅಂಗಡಿಯಲ್ಲಿ ಗಿರಾಕಿಗಳಿಗೆ ರೇಷ್ಮೆ ಸೀರೆ ಬಿಡಿಸಿ ತೋರಿಸುವಾಗ ಬೆಣ್ಣೆಯಂಥ ಮನುಷ್ಯ. ಬಸ್ಸಿನ ಮೆಟ್ಟಿಲ ಮೇಲೆ ಕಾಲಿಟ್ಟರೆ ಸಾಕು, ಸಾಕ್ಷಾತ್ ಜಮದಗ್ನಿ! ಇಂಥವರನ್ನು ವಿಮಾನ ಹತ್ತಿಸುವ ಯೋಗ ನನ್ನ ಪಾಲಿಗೆ ಬಂತು.

ನಗುವ ಸಂದರ್ಭವೇನೂ ಅಲ್ಲ. ದಿಲ್ಲಿಯಲ್ಲಿದ್ದ ನಮ್ಮ ದೊಡ್ಡವ್ವ, ಅಂದರೆ ಮಾವನ ಅಕ್ಕ, ಆಸ್ಪತ್ರೆಯಲ್ಲಿ ಸಾಯುತ್ತಿದ್ದರು. ಹೆತ್ತ ತಾಯಿಯ ಮುಖವೇ ನೆನಪಿಲ್ಲದ ಮಾವನನ್ನು ಸೊಂಟದ ಮೇಲೆ ಹೊತ್ತು ಸಾಕಿದವರು ಅವರು. "ಇನ್ನೂ ಮಾತಾಡುವಷ್ಟು ಎಚ್ಚರ ಇದೆ, ಬೇಗ ಬನ್ನಿ" ಎಂದು ಫೋನ್ ಬಂತು. ರೈಲಿನಲ್ಲಿ ಹೋದರೆ ಕೈ ಮೀರಬಹುದು. ಅಗ್ಗದ ವಿಮಾನಗಳು ಆಗಷ್ಟೇ ಶುರುವಾಗಿದ್ದವು. ಬೆಂಗಳೂರಿನಿಂದ ಬೆಳಗಿನ ವಿಮಾನಕ್ಕೆ ಟಿಕೆಟ್ ಮಾಡಿಸಿದೆ. ಮಾವ ಜಟಿಂಗ ರಾಮೇಶ್ವರನ ಬೆಟ್ಟ ಹತ್ತಿಳಿದು, ದೇವರ ಮುಂದಿಟ್ಟು ಪೂಜೆ ಮಾಡಿಸಿದ ಒಂದು ತೆಂಗಿನಕಾಯಿಯನ್ನು ಅಕ್ಕನಿಗೆಂದು ಕೈಚೀಲದಲ್ಲಿ ತಂದರು. ಅಕ್ಕನ ಮುಖ ನೋಡುವವರೆಗೂ ಹನಿ ನೀರು ಮುಟ್ಟುವುದಿಲ್ಲವೆಂದು ಹಟವನ್ನೂ ಹಿಡಿದರು.

ವಿಮಾನ ನಿಲ್ದಾಣದಲ್ಲಿ ಚೀಲ ತಪಾಸಣೆ ಮಾಡುವವನು ಕಾಯಿಯನ್ನು ಎತ್ತಿ ಪಕ್ಕಕ್ಕಿಟ್ಟ.

"ಯಾಕ್ರಿ? ಕಾಯಿಯೇನು ಬಾಂಬು..." ಎನ್ನುವಷ್ಟರಲ್ಲಿ ನಾನು ಮಾವನ ಬಾಯಿಗೆ ಕೈ ಅಡ್ಡ ಇಟ್ಟೆ.

"ಇಡೀ ಕಾಯಿ ಒಳಗೆ ಬಿಡಲ್ಲ ಸಾರ್."

ಪುಣ್ಯಾತ್ಮ ಅಷ್ಟು ಹೇಳಬಾರದಿತ್ತು! ಮಾವ ಕಾಯಿ ಕಸಿದುಕೊಂಡವರೇ ಕುಕ್ಕರುಗಾಲಲ್ಲಿ ಕೂತು, ಗುಡಿಯ ಮುಂದೆ ಒಡೆದ ಹಾಗೆ, ಫಳಾರೆಂದು ನೆಲಕ್ಕೆ ಒಡೆದರು. ಬಂದೂಕಿನವರು ಓಡಿ ಬಂದರು. ಕಾಯಿಯ ನೀರು ತಪಾಸಣೆಯ ಯಂತ್ರದ ಕೆಳಗೆ ಹರಿಯಿತು.

"ಈಗ ಇಡೀ ಕಾಯಿ ಅಲ್ಲವಲ್ಲ? ತಗಳ್ರಿ, ಪ್ರಸಾದ!"

ಬಂದೂಕಿನವನೊಬ್ಬ ಚೂರನ್ನು ಕಣ್ಣಿಗೊತ್ತಿಕೊಂಡು ಬಾಯಿಗೆ ಹಾಕಿಕೊಂಡ. ಉಳಿದದ್ದನ್ನು ಕಸದ ಬುಟ್ಟಿಗೆ ಹಾಕಿದ. ಭಕ್ತಿ ಬೇರೆ, ಡ್ಯೂಟಿ ಬೇರೆ!

ಒಳಗೆ ಹೋದರೆ ವಿಮಾನ ತಡ. ಯಾಕೆ ತಡ? ತಾಂತ್ರಿಕ ಕಾರಣವಂತೆ. ಎಷ್ಟು ತಡ? ಅದು ಅವರಿಗೂ ಗೊತ್ತಿಲ್ಲ!

"ಲೇ, ಡ್ರೈವರ್ ಎಲ್ಲೋ ಟೀ ಕುಡೀತಾ ಕುಂತಿರ್ತಾನೆ. ತಡಿ, ಕರ್ಕಂಡ್ ಬರ್ತೀನಿ" ಎಂದು ಮಾವ ಹೊರಟೇಬಿಟ್ಟರು. ಕ್ಯಾಂಟೀನಿನಲ್ಲಿ ಬಿಳಿ ಅಂಗಿಯ, ಹೆಗಲ ಮೇಲೆ ಪಟ್ಟಿ ಇದ್ದ ಒಬ್ಬ ಪೈಲಟ್ ಸಿಕ್ಕೂಬಿಟ್ಟ! "ಸಾಕು ಬಾರಪ್ಪ ಕುಡಿದಿದ್ದು, ನಮ್ಮಕ್ಕ ಕಾಯ್ತಾ ಐದಾಳೆ" ಎಂದು ಅವನ ರಟ್ಟೆ ಹಿಡಿದು ಎಬ್ಬಿಸಿದರು. ವಿಚಾರಿಸಿದರೆ ಅವನು ಬೇರೆ ಕಂಪನಿಯ ಪೈಲಟ್. ಕ್ಷಮೆ ಕೇಳುವ ಕೆಲಸ ನನ್ನದಾಯಿತು.

ಮಧ್ಯಾಹ್ನವಾಯಿತು. ಮಾವನ ದನಿ ಸಣ್ಣದಾಗುತ್ತಾ ಬಂತು. ಅವರ ಜಗಳ ನಿಂತಾಗ ನನಗೆ ನಿಜವಾಗಿ ಹೆದರಿಕೆಯಾಯಿತು. ಕೌಂಟರಿನ ಹುಡುಗಿಗೆ ಕನ್ನಡ ಬಾರದು. ಮಾವ ತೆಲುಗಿಗೆ ಇಳಿದರು. "ಅಮ್ಮಾ, ಮಾ ಅಕ್ಕಕಿ ಬಾಗಾ ಲೇದಮ್ಮಾ." ಅಕ್ಕನಿಗೆ ಹುಷಾರಿಲ್ಲ ಎಂದಷ್ಟೇ. ಆ ಹುಡುಗಿಯ ಮನೆಮಾತೂ ತೆಲುಗೇ ಆಗಿತ್ತು. "ನಾ ಚೇತಿಲೋ ಏಮೀ ಲೇದಂಡಿ" ಎಂದು ತನ್ನ ಕೈಯಲ್ಲೇನೂ ಇಲ್ಲವೆಂದು ಹೇಳಿ ತಲೆ ತಗ್ಗಿಸಿದಳು. ಪಾಪ, ಅವಳನ್ನು ಬೈದು ಏನು ಬಂತು?

ಕೊನೆಗೂ ವಿಮಾನ ಬಂತು. ಸೀಟಿಗೆ ನಂಬರಿಲ್ಲ, ಮೊದಲು ಹೋದವರಿಗೆ ಸಿಕ್ಕಿದ್ದು! ಮಾವ ಪಂಚೆ ಎತ್ತಿ ಕಟ್ಟಿ ಓಡಿದರು. ಚಳ್ಳಕೆರೆ ಬಸ್‌ಸ್ಟ್ಯಾಂಡಿನ ಅನುಭವವೆಂದರೆ ಸಾಮಾನ್ಯವೇ? ಒಳಗೆ ಹೋದವರ ತಲೆಗಳ ಮೇಲಿಂದ ಟವೆಲ್ ಬೀಸಿ ಒಗೆದು ಮುಂದಿನ ಎರಡು ಸೀಟು ಹಿಡಿದೇಬಿಟ್ಟರು. "ಮುಂದೆ ಕುಂತ್ರೆ ಬೇಗ್ನೆ ಇಳೀಬೌದು ಕಣಲೇ" ಎಂದರು. ನೀರಿನ ಬಾಟಲಿಗೂ ಇಲ್ಲಿ ಕಾಸು ಕೊಡಬೇಕೆಂದು ಕೇಳಿದಾಗ, ಎಂದಿನ ಮಾವನಾಗಿದ್ದರೆ ವಿಮಾನವನ್ನೇ ತಿರುಗಿಸುತ್ತಿದ್ದರು. ಆ ದಿನ ಸುಮ್ಮನೆ ಕಣ್ಣು ಮುಚ್ಚಿಕೊಂಡರು.

ಸಂಜೆ ಆಸ್ಪತ್ರೆ ಮುಟ್ಟಿದೆವು. ದೊಡ್ಡವ್ವ ಹಾಸಿಗೆಯಲ್ಲಿ ಇದ್ದರೋ ಇಲ್ಲವೋ ಎನ್ನುವಷ್ಟು ಸಣ್ಣಗಾಗಿದ್ದರು. ಮಾವ ಕೈ ಹಿಡಿದುಕೊಂಡು "ಅಕ್ಕಾ" ಎಂದರು. ಎಷ್ಟೋ ಹೊತ್ತಿನ ಮೇಲೆ ಕಣ್ಣು ತೆರೆಯಿತು.

"ಏನಾರ ಉಂಡ್ಯೇನೋ ತಮ್ಮಾ?"

ಬೆಳಗಿನಿಂದ ಒಣಗಿದ ಬಾಯಲ್ಲಿ ಮಾವ ನಕ್ಕರು.

"ಹೊಟ್ಟೆ ಬಿರಿಯಂಗೆ ಉಂಡೀನಕ್ಕಾ. ವಿಮಾನದಾಗೆ ಹೋಳಿಗೆ ಹಾಕಿದ್ರು. ಬ್ಯಾಡ ಬ್ಯಾಡ ಅಂದ್ರೂ ಕೇಳದಂಗೆ ತುಪ್ಪ ಬಿಟ್ರು."

"ಚಂದಾಗಿ ನೋಡ್ಕಂಡ್ರಾ?"

"ಮನೆ ಅಳಿಯನ್ನ ನೋಡ್ಕಂಡಂಗೆ ನೋಡ್ಕಂಡ್ರು ಕಣಕ್ಕಾ."

ದೊಡ್ಡವ್ವನ ಮುಖದಲ್ಲಿ ನೆಮ್ಮದಿ ಕಂಡಿತು. ಕಣ್ಣು ಮುಚ್ಚಿಕೊಂಡರು, ಮತ್ತೆ ತೆರೆಯಲಿಲ್ಲ. ಆದರೆ ಮಾವ ನಿಲ್ಲಿಸಲಿಲ್ಲ. ಪಲ್ಯ ಏನಿತ್ತು, ಪಾಯಸ ಎಷ್ಟು ಸಲ ಬಡಿಸಿದರು, ಎಂಥ ಒಳ್ಳೆಯ ಜನ ಅವರು ಎಂದು, ಆ ಕೈ ತಣ್ಣಗಾಗುವವರೆಗೂ ಹೇಳುತ್ತಲೇ ಇದ್ದರು.