ಮದುಮಗನ ಕಿವಿಯೊಳಗಿನ ಹುಳ

ನಾಳೆ ಮದುವೆ ಇಟ್ಟುಕೊಂಡು ಇವತ್ತು ಕೆರೆಗೆ ಇಳಿ ಎಂದು ಮ್ಯಾಕ್ಸಿಮನಿಗೆ ಯಾರು ಹೇಳಿದ್ದರೋ! ಐವತ್ತೆಂಟನೆಯ ಇಸವಿಯ ಮೇ ತಿಂಗಳ ಸೆಕೆ, ಮನೆ ತುಂಬ ನೆಂಟರು, ಬಚ್ಚಲಿಗೆ ಸರದಿ. ಕಟಪಾಡಿ ಪೇಟೆಯಲ್ಲಿ ಸ್ವಂತ ಹೊಲಿಗೆ ಅಂಗಡಿ ಇಟ್ಟಿದ್ದ ಈ ಪುಣ್ಯಾತ್ಮ ಗದ್ದೆಯಾಚೆಯ ಕೆರೆಯಲ್ಲಿ ಮುಳುಗಿ, ನೈದಿಲೆಯ ಎಲೆಗಳ ನಡುವೆ ತಲೆ ಎತ್ತಿದ. ಎಲೆಯ ಮೇಲಿದ್ದ, ತಾಮ್ರದಂತೆ ಹೊಳೆಯುವ ಪುಟ್ಟ ಹುಳವೊಂದು ಸರ್ರನೆ ಅವನ ಬಲಗಿವಿಗೆ ಹೊಕ್ಕಿತು.

ಒಳಗೆ ಗರಗರ ಸದ್ದು. ಮ್ಯಾಕ್ಸಿಮ್ ಕಿವಿ ಹಿಡಿದುಕೊಂಡು, ಹುಳ ಹೊಕ್ಕಿತೆಂದು ಕೂಗುತ್ತ ದಂಡೆಗೆ ಬಂದ.

ದಂಡೆಯಲ್ಲಿ ಬಟ್ಟೆ ಒಗೆಯುತ್ತಿದ್ದ ನೆರೆಮನೆಯ ಅಪ್ಪಿಯಕ್ಕ ಎದೆಗೆ ಕೈ ಇಟ್ಟಳು. "ಅಯ್ಯೋ ದೇವರೇ, ಆ ಹುಳವಾ? ಈ ಎಲೆಗಳನ್ನು ನೋಡು, ಜರಡಿ ಮಾಡಿಟ್ಟಿದೆ! ನಿನ್ನ ಮಿದುಳು ಅದಕ್ಕೆ ಎಷ್ಟು ಹೊತ್ತಿನ ಕೆಲಸ?"

"ನೀರು ಹೊಯ್ದರೆ ಸಾಯುವುದಿಲ್ಲವಾ ಅಪ್ಪಿಯಕ್ಕ?"

"ಎಂತ ಸಾಯುವುದು! ಅದರ ಮರಿಗಳು ನೀರಿನಡಿಯ ಕೆಸರಿನಲ್ಲೇ ಬೇರು ಕಚ್ಚಿಕೊಂಡು ಬೆಳೆಯುವುದು. ಒಳಗೆ ಮೊಟ್ಟೆ ಇಡದಿದ್ದರೆ ಸಾಕು."

ಮೊಟ್ಟೆ! ಮ್ಯಾಕ್ಸಿಮ್ ಒದ್ದೆ ಬಟ್ಟೆಯಲ್ಲೇ ಮನೆಗೆ ಓಡಿದ.

ಅಂಗಳದಲ್ಲಿ ಚಪ್ಪರ ಕಟ್ಟುತ್ತಿದ್ದವನು ಪಕ್ಕದ ಅಂಗಡಿಯ ಕರುಣಾಕರ. ಅವನಿಗೆ ಗೊತ್ತಿಲ್ಲದ ಮದ್ದು ಲೋಕದಲ್ಲಿಲ್ಲ. ಬಲಗಿವಿಗೆ ಎಣ್ಣೆ ಬಿಟ್ಟು ಹತ್ತಿ ತುರುಕಿದ.

"ಎಡಗಿವಿಯನ್ನೂ ಮುಚ್ಚಬೇಕು. ಇಲ್ಲದಿದ್ದರೆ ಅದು ಆ ಕಡೆಯಿಂದ ಹೊರಗೆ ಬರಲಿಕ್ಕೆ ನೋಡ್ತದೆ. ನಡುವೆ ಎಂತ ಉಂಟು ಗೊತ್ತುಂಟಲ್ಲ?" ಎಂದ. ಆಮೇಲೆ ದನಿ ತಗ್ಗಿಸಿದ. "ಹೆಣ್ಣಿನ ಕಡೆಯವರಿಗೆ ಮಾತ್ರ ತಿಳಿಯಬಾರದು. ಕಿವಿಯಲ್ಲಿ ಹುಳ ಇರುವವನಿಗೆ ಯಾರು ಹೆಣ್ಣು ಕೊಡ್ತಾರೆ ಮಾರಾಯ?"

ಎಡಗಿವಿಗೂ ಹತ್ತಿ ಬಿತ್ತು. ಲೋಕವೆಲ್ಲ ನಿಶ್ಶಬ್ದವಾಯಿತು, ಗರಗರ ಒಂದೇ ಉಳಿಯಿತು. ಈಗ ಎಲ್ಲಿಯವರೆಗೆ ತಿಂದಿರಬಹುದು ಎಂದು ನೆನೆದು ಮ್ಯಾಕ್ಸಿಮ್ ಬೆವತುಹೋದ.

ಇದೇ ಹೊತ್ತಿಗೆ ಕುಕ್ಕುಂದೂರಿನಿಂದ ಮದುಮಗಳು ಮೇಬಲಳ ಚಿಕ್ಕಪ್ಪ ಡೊಮಿನಿಕ್ ಬಂದಿಳಿಯಬೇಕೆ! ಅವರ ದಪ್ಪ ಮೀಸೆಯ ಕೆಳಗೆ ತುಟಿಗಳು ಅಲ್ಲಾಡಿದವು. ಒಂದಕ್ಷರವೂ ಕೇಳಿಸಲಿಲ್ಲ. ಕಿವುಡನೆಂದು ತಿಳಿದರೆ ಮದುವೆ ಮುರಿಯಿತು! ಮ್ಯಾಕ್ಸಿಮ್ ಹತ್ತಿ ಕಾಣದಂತೆ ತಲೆಗೆ ಟವೆಲು ಸುತ್ತಿಕೊಂಡು, ಹಲ್ಲು ಕಿರಿದು ತಲೆಯಾಡಿಸಿದ. ಅವರು ಕಣ್ಣರಳಿಸಿ ಮತ್ತೆ ಏನೋ ಕೇಳಿದರು. ಇನ್ನೂ ಜೋರಾಗಿ ತಲೆಯಾಡಿಸಿದ. ಡೊಮಿನಿಕರ ಕಣ್ಣು ತುಂಬಿತು. ಅವನನ್ನು ಬಾಚಿ ತಬ್ಬಿಕೊಂಡರು. ಅಬ್ಬ, ಪಾರಾದೆ ಎಂದುಕೊಂಡ ಮ್ಯಾಕ್ಸಿಮ್.

ಸಂಜೆ ರೋಸ್. ಮದುಮಗನನ್ನು ಕೂರಿಸಿ ತಲೆಗೆ ತೆಂಗಿನಹಾಲು ಹೊಯ್ಯುವ ಶಾಸ್ತ್ರ. ಸೋದರತ್ತೆ ಮ್ಯಾಗ್ಡಲಿನ್ ಟವೆಲು ಬಿಚ್ಚಿ, ಹತ್ತಿ ಕಂಡದ್ದೇ ಎರಡನ್ನೂ ಕಿತ್ತೆಸೆದು, ಚೊಂಬು ಬಗ್ಗಿಸಿದಳು. ಹಾಲು ಕಿವಿಗೆ ನುಗ್ಗಿತು. ಬುಳುಕ್ ಎಂದು ಏನೋ ಜಾರಿತು. ಹುಳ ಹಾಲಿನ ಜೊತೆ ತೇಲಿಬಂದು, ಜೀವಂತವಾಗಿ, ಅವನ ಹೆಗಲ ಮೇಲೆ ಹೊಳೆಯುತ್ತ ನಿಂತಿತು. ಮ್ಯಾಕ್ಸಿಮನಿಗೆ ಅಳು ಬಂತು. ಬದುಕಿಕೊಂಡೆ! ಮಿದುಳು ಉಳಿಯಿತು, ಮದುವೆಯೂ ಉಳಿಯಿತು!

ತೆರೆದ ಕಿವಿಗೆ ಮೊದಲು ಬಿದ್ದದ್ದು ಡೊಮಿನಿಕರ ಗಟ್ಟಿ ದನಿ. ನೆಂಟರಿಗೆಲ್ಲ ಸಾರುತ್ತಿದ್ದರು: "ಹಿಂದೆ ಎಷ್ಟು ಕೇಳಿಕೊಂಡರೂ ಒಪ್ಪದವನು ಇವತ್ತು ಒಂದೇ ಮಾತಿಗೆ ಒಪ್ಪಿದ ನೋಡಿ! ಕಟಪಾಡಿಯ ಅಂಗಡಿ ಮುಚ್ಚಿ ನಮ್ಮಲ್ಲೇ ಮನೆ ಅಳಿಯನಾಗಿ ಇರ್ತಾನಂತೆ. ಬಂಗಾರದಂಥ ಹುಡುಗ!"

"ಮಾಮಾ, ನಾನು..." ಎಂದು ಮ್ಯಾಕ್ಸಿಮ್ ಬಾಯಿ ತೆರೆದ. ನೆಂಟರು ಆಗಲೇ ಚಪ್ಪಾಳೆ ತಟ್ಟುತ್ತಿದ್ದರು.

ಡೊಮಿನಿಕ್ ಹತ್ತಿರ ಬಂದು ಅವನ ಹೆಗಲಿನ ಹುಳವನ್ನು ಪ್ರೀತಿಯಿಂದ ಬೆರಳಿಗೆ ಹತ್ತಿಸಿಕೊಂಡರು.

"ಓಹೋ, ಇದು ಇಲ್ಲಿಯೂ ಉಂಟಾ! ಹಾಗಾದರೆ ನಿನಗೆ ಅಲ್ಲಿ ಹೊಸತೆಂದು ಅನಿಸಲಿಕ್ಕಿಲ್ಲ. ನಮ್ಮಲ್ಲಿ ಬಚ್ಚಲು ಇಲ್ಲ ಮಾರಾಯ, ಎಲ್ಲರಿಗೂ ನೈದಿಲೆ ಕೆರೆಯಲ್ಲೇ ಸ್ನಾನ. ಅಲ್ಲಿ ಇದು ಎಲೆಗೆ ನಾಲ್ಕು ಉಂಟು!"

ಮ್ಯಾಕ್ಸಿಮ್ ಬಗ್ಗಿ, ಅತ್ತೆ ಎಸೆದ ಹತ್ತಿಗಾಗಿ ನೆಲ ತಡಕತೊಡಗಿದ.